ನಾಲೆಯೂ ನಾವೆಯೂ: ಹರಿಹರ–ದಾವಣಗೆರೆ ಪ್ರದೇಶದ ಜಲಸಂಚಾರ

ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ದೋಣಿವಿಹಾರವನ್ನು ನಡೆಸುವ ಸಂಘಗಳಲ್ಲಿ ಅನೇಕವು ಸ್ವಯಂಸೇವಕರವು. ಸರಕುಸಾಗಣೆಯು ರೈಲು ಮತ್ತು ರಸ್ತೆಗಳ ಪಾಲಾಗಿ ಕಾಲುವೆಗಳು ಹೂಳುತುಂಬತೊಡಗಿದಾಗ, ಅವುಗಳ ರಕ್ಷಣೆಗಾಗಿ ರಾಬರ್ಟ್ ಐಕ್‌ಮನ್, ರೋಲ್ಟ್ ಮೊದಲಾದವರು ೧೯೪೬ರಲ್ಲಿ ಒಳನಾಡು ಜಲಮಾರ್ಗ ಸಂಘವನ್ನು ಸ್ಥಾಪಿಸಿದರು. ಮುಂದೆ ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗವನ್ನು ಮುಚ್ಚುವ ಪ್ರಸ್ತಾಪವು ಬಂದಿತು. ಆಗ ಸಣ್ಣ ದೋಣಿಯಲ್ಲಿ ಅಲ್ಲಿ ಸಂಚರಿಸಿದ್ದವರು ಪಡೆದಿದ್ದ ಸುಂಕದ ಚೀಟಿಯೊಂದು, ಆ ಮಾರ್ಗವು ಬಳಕೆಯಲ್ಲಿರುವುದಕ್ಕೆ ಸಾಕ್ಷ್ಯವಾಯಿತು. ಸ್ವಯಂಸೇವಕರು, ಸೈನಿಕರು, ಕಾರಾಗೃಹದ ಬಂದಿಗಳು ಕೂಡಿ ದುಡಿದುದರ ಫಲವಾಗಿ ೧೯೬೪ರಲ್ಲಿ ಕಾಲುವೆಯು ಪುನಃ ತೆರೆಯಿತು. ಅದೇ ದಶಕದಲ್ಲಿ ದಾವಣಗೆರೆಯ ಬಯಲಿಗೆ ಭದ್ರೆಯ ನೀರು ಬಂದಿತು. ನಾಲೆ ಬಂದರೂ ಅದರ ಮೇಲೆ ನಾವೆಯ ಸಂಪ್ರದಾಯವು ಏಕೆ ಬೆಳೆಯಲಿಲ್ಲವೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮವರಿಗೆ ದೋಣಿಯ ಪರಿಚಯವಿರಲಿಲ್ಲವೆಂದು ಹೇಳುವಂತಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ಹೆಣೆದು ಚರ್ಮವನ್ನು ಹೊದಿಸಿದ ಈ ದುಂಡು ದೋಣಿಗಳು ೧೫–೨೦ ಜನರನ್ನು ಹೊರುತ್ತಿದ್ದುವೆಂದೂ ಸುತ್ತುತ್ತ ಸಾಗುತ್ತಿದ್ದುವೆಂದೂ ಅವನ ಬರಹದಿಂದ ತಿಳಿದುಬರುತ್ತದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರೇ ಅವನ ಕಾಯಕವನ್ನು ಸಾರುತ್ತದೆ. ಅವನ ಸ್ಮರಣೆಯೊಡನೆ ಬೆಸೆದುಕೊಂಡಿರುವ ಚೌಡದಾನಪುರವು ಹರಿಹರದಿಂದ ಕೆಳಗೆ ಇದೇ ನದಿಯ ದಡದಲ್ಲಿದೆ. ೧೮೦೦ರ ಜೂನ್ ತಿಂಗಳಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯು ಹರಿಹರದಲ್ಲಿಯೇ ನದಿಯನ್ನು ದಾಟಿದನು. ಮಳೆಗಾಲದ ಹೊಳೆಗಳನ್ನು ಹಾಯಲು ಅವನ ಸೇನೆಗೂ ಹರಿಗೋಲುಗಳೇ ಆಧಾರವಾಗಿದ್ದುವು.

೧೮೬೮ರಲ್ಲಿ ಹರಿಹರದ ಸೇತುವೆಯು ಪೂರ್ಣವಾಯಿತು. ತಲಾ ೬೦ ಅಡಿ ಅಗಲದ ೧೪ ಕಮಾನುಗಳುಳ್ಳ ಈ ಸೇತುವೆಗೆ ಸುಮಾರು ೩ ಲಕ್ಷ ರೂಪಾಯಿ ವೆಚ್ಚವಾಯಿತು. ಬೆಂಗಳೂರು–ಧಾರವಾಡ ಹೆದ್ದಾರಿಯು ಅದರ ಮೇಲೆ ಸಾಗಿತು. ೧೮೮೯ರಲ್ಲಿ ರೈಲು ಹರಿಹರವನ್ನು ತಲುಪಿತು. ಮಳೆಗಾಲದಲ್ಲಿಯೂ ದಾರಿ ತೆರೆದಿರುವುದು ಜನಕ್ಕೆ ದೊಡ್ಡ ಉಪಕಾರವೇ ಆಗಿತ್ತು. ಆದರೆ ಅಂಬಿಗನ ಕಾಯಕವು ಹೆದ್ದಾರಿಯಿಂದ ದೂರ ಸರಿದು, ಸೇತುವೆಯಿಲ್ಲದ ಹಳ್ಳಿಗಳ ದಡಕ್ಕೆ ಸೀಮಿತವಾಯಿತು.

ಇನ್ನು ನಾಲೆಯ ವಿಚಾರ. ಲಕ್ಕವಳ್ಳಿಯ ಬಳಿಯ ಭದ್ರಾ ಅಣೆಕಟ್ಟಿನ ಕಾರ್ಯವು ೧೯೪೭ರಲ್ಲಿ ಆರಂಭವಾಗಿ ೧೯೬೦ರ ದಶಕದಲ್ಲಿ ಮುಗಿಯಿತು. ಬಲದಂಡೆ ನಾಲೆಯ ದಾವಣಗೆರೆ ಮತ್ತು ಮಲೆಬೆನ್ನೂರು ಶಾಖೆಗಳು ಈ ಬಯಲಿಗೆ ನೀರುಣಿಸುತ್ತವೆ. ಈ ನಾಲೆಗಳು ಕೃಷಿಗೆಂದೇ ರಚಿತವಾದುವು. ನೀರು ಇಳಿಜಾರಿನಲ್ಲಿ ಹರಿದು, ತೂಬುಗಳ ಮೂಲಕ ಹೊಲಗಾಲುವೆಗೆ ಸೇರುತ್ತದೆ. ಬೆಳೆಯ ಅವಧಿ ಕಳೆದೊಡನೆ ನಾಲೆಯನ್ನು ನಿಲ್ಲಿಸಲಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಇದೇ ತುಂಗಭದ್ರೆಯಿಂದ ಸುಂಕೇಸುಲದಲ್ಲಿ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಖಾಸಗಿ ಕಂಪೆನಿಯೊಂದು ನೀರಾವರಿ, ನೌಕಾಸಂಚಾರಗಳೆರಡಕ್ಕೂ ನಿರ್ಮಿಸಿತು. ನೀರಿನ ಮಟ್ಟವನ್ನು ಏರಿಳಿಸಿ ದೋಣಿಯನ್ನು ದಾಟಿಸುವ ಲಾಕುಗಳು ಅದರಲ್ಲಿದ್ದುವು. ಆದರೆ ಕಂಪೆನಿಗೆ ಲಾಭ ದೊರೆಯದೆ, ೧೮೮೨ರಲ್ಲಿ ಸರ್ಕಾರವು ಕಾಲುವೆಯನ್ನು ಕೊಂಡುಕೊಂಡಿತು. ಎರಡು ಉದ್ದೇಶಗಳನ್ನು ಒಂದೇ ನೀರಿನಿಂದ ಸಾಧಿಸುವುದು ಸುಲಭವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮೇಲ್ಕಂಡ ಸಂಗತಿಗಳಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಕಾಲುವೆಯಲ್ಲಿ ದೋಣಿ ನಡೆಯಲು ನೀರೊಂದೇ ಸಾಲದು. ಸಂಚಾರದ ಹಕ್ಕೂ ಅದನ್ನು ಕಾಯುವ ಜನಸಮೂಹವೂ ಬೇಕು. ಇಂಗ್ಲೆಂಡಿನ ಸ್ವಯಂಸೇವಕರು ಹೊಸ ಹಕ್ಕನ್ನು ಸೃಷ್ಟಿಸಲಿಲ್ಲ, ಕಾಗದದಲ್ಲಿ ಉಳಿದಿದ್ದ ಹಳೆಯ ಹಕ್ಕನ್ನು ಎತ್ತಿಹಿಡಿದರು. ಭದ್ರಾ ನಾಲೆಯಲ್ಲಿ ಮೊದಲ ಹಕ್ಕು ಅಚ್ಚುಕಟ್ಟಿನ ರೈತನದು. ಕೊನೆಯ ಭಾಗದ ಗದ್ದೆಗೆ ನೀರು ಮುಟ್ಟದಿರುವಾಗ ವಿಹಾರದ ದೋಣಿಗೆ ಅಲ್ಲಿ ಸ್ಥಾನವನ್ನು ಕೇಳುವುದು ನ್ಯಾಯವೆನಿಸದು. ನಮ್ಮಲ್ಲಿ ನೌಕಾಸಂಚಾರದ ಪರಂಪರೆಯಿದ್ದುದು ನಾಲೆಯಲ್ಲಲ್ಲ, ನದಿಯಲ್ಲಿ. ಅದನ್ನು ಕಾದುಕೊಂಡು ಬಂದವರು ಅಂಬಿಗರು.

ಸೇತುವೆಯ ಕಮಾನುಗಳ ಲೆಕ್ಕ ನಮಗೆ ದೊರೆಯುತ್ತದೆ. ಅದಕ್ಕೆ ಮುನ್ನ ಶತಮಾನಗಳ ಕಾಲ ಜನರನ್ನು ದಡ ಸೇರಿಸಿದವರ ಹೆಸರುಗಳು ದೊರೆಯುವುದಿಲ್ಲ. ಒಂದು ಸುಂಕದ ಚೀಟಿ ಒಂದು ಕಾಲುವೆಯನ್ನು ಉಳಿಸಿತು. ನಮ್ಮ ಅಂಬಿಗನಿಗೆ ಅಂತಹ ಚೀಟಿಯನ್ನು ಬರೆದುಕೊಟ್ಟವರಿಲ್ಲ. ಹರಿಹರದ ಆಸುಪಾಸಿನ ನದೀತೀರದ ಗ್ರಾಮಗಳಲ್ಲಿ ಹಿರಿಯರ ನೆನಪುಗಳು ಮಾಸುವ ಮೊದಲೇ, ಹರಿಗೋಲು ಹೆಣೆಯುವ ಕ್ರಮ, ದಾಟಿಸುವ ಕೂಲಿ, ಸರದಿಯ ಕಟ್ಟಳೆಗಳನ್ನು ಬರೆದಿಡುವುದು ಇತಿಹಾಸದ ವಿದ್ಯಾರ್ಥಿಗಳು ಸ್ವಯಂಸೇವೆಯಿಂದಲೇ ಮಾಡಬಹುದಾದ ಕಾರ್ಯ.