ಹಲ್ಲಿಲ್ಲದ ಬಾಯಿಯ ಹೆಸರುಗಳು: ಪೋರ್ಚುಗೀಸ್ ಶಿಶುದಂತವೈದ್ಯಕೀಯದಿಂದ ಇಂಗ್ಲಿಷಿಗೆ

ಹಸುಗೂಸಿನ ವಸಡಿನ ಬಗ್ಗೆ ಪೋರ್ಚುಗೀಸಿನಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ತರುವವರು ಎಡವುವುದು ನಿಘಂಟಿನ ಕೊರತೆಯಿಂದಲ್ಲ. ಬಹುತೇಕ ಪದಗಳಿಗೆ ಇಂಗ್ಲಿಷಿನಲ್ಲಿ ಅದೇ ಲ್ಯಾಟಿನ್ ಮೂಲದ ಜೋಡಿ ಸಿಗುತ್ತದೆ. ಆ ಜೋಡಿಯನ್ನು ನಂಬಿದಲ್ಲೇ ತೊಂದರೆ. ಈ ಪದಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್, ಪ್ರಾಗ್, ಕೋನಿಗ್ಸ್‌ಬರ್ಗ್‌ಗಳಲ್ಲಿ ಹುಟ್ಟಿ ಎರಡು ಭಾಷೆಗಳಿಗೆ ಬೇರೆ ಬೇರೆ ದಾರಿಯಲ್ಲಿ ಬಂದವು. ದಾರಿ ಬೇರೆಯಾದಾಗ ಅರ್ಥವೂ ಅಷ್ಟಿಷ್ಟು ಸರಿಯಿತು.

ಬ್ರೆಜಿಲ್‌ನಲ್ಲಿ ವೈದ್ಯಶಿಕ್ಷಣ ಶುರುವಾದದ್ದು 1808ರಲ್ಲಿ, ಪೋರ್ಚುಗಲ್‌ನ ರಾಜಪರಿವಾರ ನೆಪೋಲಿಯನ್ನನ ಸೈನ್ಯಕ್ಕೆ ಬೆದರಿ ಸಮುದ್ರ ದಾಟಿ ಬಂದ ವರ್ಷ. ದಂತವೈದ್ಯಕ್ಕೆ ಪ್ರತ್ಯೇಕ ಕೋರ್ಸು ಸಿಗಲು 1884ರ ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಆ ದಿನದ ರಾಜಾಜ್ಞೆ ರಿಯೊ ಮತ್ತು ಬಹಿಯಾದ ವೈದ್ಯಕೀಯ ಕಾಲೇಜುಗಳಿಗೆ ಈ ಕೋರ್ಸನ್ನು ಸೇರಿಸಿತು. ಬ್ರೆಜಿಲ್‌ನವರು ಇಂದಿಗೂ ಅದನ್ನು ದಂತವೈದ್ಯರ ದಿನವೆಂದು ಆಚರಿಸುತ್ತಾರೆ. ಆ ಕಾಲದ ಬ್ರೆಜಿಲ್‌ನ ವೈದ್ಯರು ಓದುತ್ತಿದ್ದ ಪುಸ್ತಕಗಳಲ್ಲಿ ಫ್ರೆಂಚಿನವೇ ಹೆಚ್ಚು. ಮುಂದೆ 1980ರ ದಶಕದ ನಡುವಿನಲ್ಲಿ ಲೊಂಡ್ರಿನಾದ ರಾಜ್ಯ ವಿಶ್ವವಿದ್ಯಾಲಯ ಶಿಶುಗಳಿಗಾಗಿಯೇ ದಂತ ಚಿಕಿತ್ಸಾಲಯ ತೆರೆದು, ಹಲ್ಲು ಮೂಡುವ ಮೊದಲೇ ಮಗುವನ್ನು ಕರೆತರುವಂತೆ ತಾಯಂದಿರಿಗೆ ಹೇಳಿತು. ನೋಡಲು ಹಲ್ಲೇ ಇಲ್ಲದ ಬಾಯಿಯಲ್ಲಿ ವೈದ್ಯರು ವಸಡನ್ನೇ ನೋಡಬೇಕು, ವಸಡಿನ ಒಂದೊಂದು ಉಬ್ಬುತಗ್ಗಿಗೂ ಹೆಸರು ಬೇಕು. ಹಳೆಯ ಫ್ರೆಂಚ್ ಹೆಸರುಗಳಿಗೆ ಅಲ್ಲಿ ಮತ್ತೆ ಕೆಲಸ ಸಿಕ್ಕಿತೆಂದು ನನ್ನ ಅಂದಾಜು.

ಇದಕ್ಕೆ ಒಳ್ಳೆಯ ಉದಾಹರಣೆ 'ರೋಬ್ಯಾಂ ಮತ್ತು ಮಾಜಿತೊರ ನಾರುಹುರಿ'. ನವಜಾತ ಶಿಶುವಿನ ಮುಂಭಾಗದ ವಸಡಿನ ಮೇಲೆ, ಬಾಚಿಹಲ್ಲು ಮತ್ತು ಕೋರೆಹಲ್ಲು ಬರಬೇಕಾದ ಜಾಗದಲ್ಲಿ, ಮೆತ್ತಗಿನ ಒಂದು ಏಣು ಇರುತ್ತದೆ. ಮಗು ಮೊಲೆ ಕಚ್ಚಿದಾಗ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳಲು ಇದು ನೆರವಾಗುತ್ತದೆ, ಹಲ್ಲು ಮೂಡುವ ಹೊತ್ತಿಗೆ ಕರಗಿಹೋಗುತ್ತದೆ. ಪೋರ್ಚುಗೀಸ್ ಬರಹಗಳಲ್ಲಿ ಇದು ಮಾಮೂಲಿ ಪದ. ಇಂಗ್ಲಿಷಿನ ಪಠ್ಯಗಳಲ್ಲಿ ಹುಡುಕಿದರೂ ಅಪರೂಪ. ಅನುವಾದಕರು ಹೆಸರನ್ನು ಹಾಗೆಯೇ ಇಳಿಸಿದರೆ ಇಂಗ್ಲಿಷ್ ಓದುಗನಿಗೆ ನೆನಪಾಗುವುದು ಇನ್ನೊಬ್ಬ ರೋಬ್ಯಾಂ: ಕಿರಿದಾದ ಕೆಳದವಡೆಯ ಶಿಶುಗಳ ಉಸಿರಾಟದ ತೊಂದರೆಯನ್ನು 1923ರಲ್ಲಿ ವಿವರಿಸಿದ ಪಿಯೆರ್ ರೋಬ್ಯಾಂ. ಅವನೂ ಫ್ರೆಂಚನೇ, ಅವನದೂ ಶಿಶುವಿನ ಬಾಯಿಯ ವಿಷಯವೇ. ಆದರೆ ನಾರುಹುರಿಯ ರೋಬ್ಯಾಂ 1885ರಲ್ಲಿ ತೀರಿಕೊಂಡ ಅಂಗಾಂಶತಜ್ಞ ಶಾರ್ಲ್ ರೋಬ್ಯಾಂ. ಹಲ್ಲಿನ ಮೊಳಕೆಯ ಬೆಳವಣಿಗೆಯ ಬಗ್ಗೆ ಎಮಿಲ್ ಮಾಜಿತೊ ಜೊತೆ 1860ರ ಸುಮಾರಿಗೆ ಬರೆದವನು ಇವನು. ಇಲ್ಲಿ ಹೆಸರನ್ನು ಬಿಟ್ಟು, ಏಣು ಎಲ್ಲಿದೆ, ಏನು ಮಾಡುತ್ತದೆ ಎಂದು ಬರೆಯುವುದೇ ಪ್ರಾಮಾಣಿಕ ಅನುವಾದ.

ಇಡೀ ವಸಡಿನ ದಿಂಡಿಗೆ ಪೋರ್ಚುಗೀಸಿನಲ್ಲಿ 'ರೊಡೆಟೆ', ಅಂದರೆ ಪುಟ್ಟ ಗಾಲಿ. ಇಂಗ್ಲಿಷಿನ 'ಗಮ್ ಪ್ಯಾಡ್' ಬೇರೆ ಜಗತ್ತಿನದು. 1938ರಲ್ಲಿ ಅಮೆರಿಕದ ಸಿಲ್‌ಮನ್ ನವಜಾತರ ಮೇಲಿನ ಕೆಳಗಿನ ವಸಡುಗಳು ಹೇಗೆ ಕೂಡುತ್ತವೆ ಎಂಬುದನ್ನು ಆ ಹೆಸರಿನಲ್ಲೇ ಚರ್ಚಿಸಿದ್ದ. ಅದು ಹಲ್ಲಿನ ಸಾಲು ಸರಿಪಡಿಸುವವರ, ಅಳತೆ ಹಿಡಿದವರ ಭಾಷೆ. ಆದರೂ ಈ ಜೋಡಿ ಮಾತ್ರ ನೆಮ್ಮದಿಯಾಗಿ ಹೊಂದುತ್ತದೆ.

ಬಿಳಿ ಗಂಟುಗಳ ಕಥೆ ಹಾಗಲ್ಲ. ನವಜಾತರ ಬಾಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಗಂಟುಗಳು ತೀರಾ ಸಾಮಾನ್ಯ. ಕೆಲವು ವಾರಗಳಲ್ಲಿ ತಾವೇ ಹೋಗುತ್ತವೆ. 1866ರಲ್ಲಿ ಹೈನ್ರಿಶ್ ಬೋನ್, 1880ರಲ್ಲಿ ಪ್ರಾಗ್‌ನ ಆಲೋಯಿಸ್ ಎಪ್‌ಸ್ಟೈನ್ ಇವುಗಳ ಬಗ್ಗೆ ಬರೆದರು. ಮುಂದಿನ ತಲೆಮಾರುಗಳು ಎರಡೂ ಹೆಸರನ್ನು ಮನಸ್ಸಿಗೆ ಬಂದಂತೆ ಬಳಸಿದವು. 1967ರಲ್ಲಿ ಫ್ರಾಮ್ ಜಾಗ ನೋಡಿ ಹಂಚಿಕೊಟ್ಟ: ಅಂಗುಳಿನ ನಡುಗೆರೆಯಲ್ಲಿದ್ದರೆ ಎಪ್‌ಸ್ಟೈನನ ಮುತ್ತು, ವಸಡಿನ ಪಕ್ಕಗಳಲ್ಲಿದ್ದರೆ ಬೋನನ ಗಂಟು, ವಸಡಿನ ನೆತ್ತಿಯ ಮೇಲಿದ್ದರೆ ದಂತಪಟಲದ ಚೀಲ. ಈ ವಿಂಗಡಣೆ ಬ್ರೆಜಿಲ್‌ನ ದಂತವೈದ್ಯರಲ್ಲಿ ಚೆನ್ನಾಗಿ ಬೇರೂರಿದೆ. ಇಂಗ್ಲಿಷ್ ಬಲ್ಲ ಮಕ್ಕಳ ವೈದ್ಯರಲ್ಲಿ ಅನೇಕರು ಮಾತ್ರ ವಸಡಿನ ಮೇಲಿನದನ್ನೂ ಎಪ್‌ಸ್ಟೈನನ ಲೆಕ್ಕಕ್ಕೇ ಬರೆಯುತ್ತಾರೆ. ಆದ್ದರಿಂದ 'ಬೋನನ ಗಂಟು' ಎಂದು ಸರಿಯಾಗಿ ಅನುವಾದಿಸಿದರೂ ಜಾಗ ಹೇಳದಿದ್ದರೆ ವಿಷಯ ತಲುಪುವುದಿಲ್ಲ.

ಇದರ ನಡುವೆ ಮನೆಮಾತೂ ನುಸುಳುತ್ತದೆ. ಮಗುವಿನ ಬಾಯಿ ಬೆಳ್ಳಗಾದರೆ ಬ್ರೆಜಿಲ್‌ನ ತಾಯಿ 'ಸಾಪಿಞು' ಎನ್ನುತ್ತಾಳೆ, ಅಂದರೆ ಮರಿಗಪ್ಪೆ. ಅದು ಶಿಲೀಂಧ್ರದ ಸೋಂಕು. ಕಪ್ಪೆಯೆಂದ ಕೂಡಲೇ ಲ್ಯಾಟಿನ್ ಬಲ್ಲವನು 'ರಾನ್ಯುಲ'ಕ್ಕೆ ಹಾರಿದರೆ ಕೆಟ್ಟ. ಅದರ ಮೂಲಾರ್ಥವೂ ಮರಿಗಪ್ಪೆಯೇ, ಆದರೆ ರೋಗ ನಾಲಿಗೆಯಡಿಯ ಜೊಲ್ಲಿನ ಊತ. ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸೋಂಕಿನ ಬಿಳಿ ಪದರ ಏಳುತ್ತದೆ, ಮುತ್ತುಗಂಟು ಏಳುವುದಿಲ್ಲ. ರೋಗಿಯ ಕಡತ ಅನುವಾದಿಸುವವನಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. 

ಜೀವಕ್ಕೆ ಹತ್ತಿರವಾದ ಎಡವಟ್ಟು ಇನ್ನೊಂದಿದೆ. ಹುಟ್ಟುವಾಗಲೇ ವಸಡಿನಿಂದ ಜೋತುಬೀಳುವ ಗಡ್ಡೆಯನ್ನು ನಾಯ್‌ಮನ್ 1871ರಲ್ಲಿ ವಿವರಿಸಿದ. ಹೆಣ್ಣುಮಕ್ಕಳಲ್ಲೇ ಇದು ಹೆಚ್ಚು, ತೆಗೆದ ಮೇಲೆ ಮರುಕಳಿಸುವುದಿಲ್ಲ. 1926ರಲ್ಲಿ ಅಬ್ರಿಕೊಸಾಫ್, ಸೂಕ್ಷ್ಮದರ್ಶಕದಲ್ಲಿ ಇದನ್ನೇ ಹೋಲುವ ದೊಡ್ಡವರ ಗಡ್ಡೆಗೆ ಸ್ನಾಯುಮೂಲವಿದೆಯೆಂದು ಬಗೆದು 'ಮಯೊಬ್ಲಾಸ್ಟೋಮ' ಎಂದು ಹೆಸರಿಟ್ಟ. ಆ ಹೆಸರು ಶಿಶುವಿನ ಗಡ್ಡೆಗೂ ಅಂಟಿಕೊಂಡು ಹಳೆಯ ಪ್ರಕರಣ ವರದಿಗಳಲ್ಲಿ ಉಳಿಯಿತು. ಎರಡೂ ಒಂದಲ್ಲವೆಂದು, ದೊಡ್ಡವರದು ನರದ ಹೊದಿಕೆಯ ಜೀವಕೋಶಗಳಿಂದ ಬಂದದ್ದೆಂದು ಈಗ ಒಪ್ಪಲಾಗಿದೆ. ಅಂಥ ವರದಿಯನ್ನು ಇಂದು ಇಂಗ್ಲಿಷಿಗೆ ತರುವವರು ಹೊಸ ಹೆಸರನ್ನು ಸದ್ದಿಲ್ಲದೆ ತುರುಕಬಾರದು. ಅಂದಿನ ವೈದ್ಯ ಅದನ್ನು ಸ್ನಾಯುವಿನ ಗಡ್ಡೆಯೆಂದೇ ನಂಬಿ ಚಾಕು ಹಿಡಿದಿದ್ದ. ಹಳೆಯ ಹೆಸರನ್ನು ಉಳಿಸಿ, ಈಗಿನದನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಆ ಚಿಕಿತ್ಸೆಯ ಕಾರಣವೂ ಓದುಗನಿಗೆ ತಿಳಿಯುತ್ತದೆ.