ಯಾರೂ ವಹಿಸದ ಕೆಲಸ: ಫ.ಗು. ಹಳಕಟ್ಟಿಯವರ ವಚನ ಸಂಪಾದನೆಯಲ್ಲಿ ಆನಂದ ಮತ್ತು ಸಾರ್ಥಕತೆ

ಹೊಟ್ಟೆಪಾಡಿಗೆ ಒಂದು ಉದ್ಯೋಗ, ಮನಸ್ಸು ಹಿಡಿದದ್ದು ಇನ್ನೊಂದು ಕೆಲಸ. ಹೀಗೆ ಎರಡು ನೆಲೆಗಳಲ್ಲಿ ಬದುಕಿದವರು ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಅನೇಕರಿದ್ದಾರೆ. ಆ ಎರಡನೆಯ ಕೆಲಸವನ್ನು ಯಾರೂ ವಹಿಸಿರುವುದಿಲ್ಲ, ಅದಕ್ಕೆ ಸಂಬಳವಿರುವುದಿಲ್ಲ, ನಿಲ್ಲಿಸಿದರೆ ಕೇಳುವವರೂ ಇರುವುದಿಲ್ಲ. ಇಂಥದನ್ನು ಈ ಲೇಖನದಲ್ಲಿ 'ಸ್ವಂತ ಯೋಜನೆ' ಎಂದು ಕರೆದಿದ್ದೇನೆ. ಅದರಿಂದ ನಾಡಿಗೆ ಏನು ದಕ್ಕಿತು ಎಂಬುದನ್ನು ನಾವು ಸಾಕಷ್ಟು ಬರೆದಿದ್ದೇವೆ. ಮಾಡಿದವರಿಗೆ ಏನು ದಕ್ಕಿತು ಎಂಬುದನ್ನು ಮಾತ್ರ 'ತ್ಯಾಗ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ರೂಢಿಯಾಗಿದೆ. ತ್ಯಾಗವೆಂಬುದು ಸುಳ್ಳೇನಲ್ಲ. ಆದರೆ ಒಬ್ಬ ವ್ಯಕ್ತಿ ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಕೆಲಸಕ್ಕೆ ಮರಳಿ ಮರಳಿ ಬಂದುದಕ್ಕೆ ಅದರಿಂದ ವಿವರಣೆ ಸಿಗುವುದಿಲ್ಲ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ (1880–1964) ವಚನ ಸಂಪಾದನೆಯನ್ನು ಮುಂದಿಟ್ಟುಕೊಂಡು ಆ ವಿವರಣೆಯನ್ನು ಹುಡುಕುವುದು ಇಲ್ಲಿಯ ಉದ್ದೇಶ.

ಮೊದಲ ತೊಡಕು ಸಾಕ್ಷ್ಯದ್ದು. ತೀರಿಹೋದವರ ಆನಂದವನ್ನು ಅಳೆಯುವುದು ಹೇಗೆ? ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇದಕ್ಕೆ ಉಪಯುಕ್ತವಾದ ಸೂಚನೆಯಿದೆ. ತುಂಡುಗಳನ್ನು ಜೋಡಿಸಿ ಆಕೃತಿ ಕಟ್ಟುವ ಒಗಟನ್ನು ಅವರು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ನಡುವೆ ನೆಪ ಹೇಳಿ ಕೆಲವು ನಿಮಿಷ ಕೋಣೆಯಿಂದ ಹೊರಹೋದರು. ಓದಲು ಪತ್ರಿಕೆಗಳಿದ್ದರೂ, ಯಾರೂ ಹೇಳದಿದ್ದರೂ, ಎಷ್ಟು ಹೊತ್ತು ಒಗಟಿಗೇ ಕೈ ಹಾಕುತ್ತಾರೆ ಎಂಬುದು ಅವರ ಅಳತೆಗೋಲು. ನಡುವಿನ ಸುತ್ತಿನಲ್ಲಿ ಹಣ ಪಡೆದ ಗುಂಪು, ಹಣ ನಿಂತ ಮೇಲೆ ಒಗಟಿಗೆ ಮೊದಲಿನಷ್ಟು ಮರಳಲಿಲ್ಲ. ಹಣ ಒಲವನ್ನು ಕುಗ್ಗಿಸುತ್ತದೆಂಬ ಆ ತೀರ್ಮಾನದ ಮೇಲೆ ಬಹಳ ವಾದವಿವಾದ ನಡೆದಿದೆ. ನನಗೆ ಬೇಕಾದದ್ದು ಅವರ ಅಳತೆಯ ಬಗೆ. ಬಿಡುವಾದಾಗ ಮನುಷ್ಯ ಯಾವುದಕ್ಕೆ ತಾನಾಗಿ ಮರಳುತ್ತಾನೋ ಅದರಲ್ಲಿ ಅವನ ಒಲವಿದೆ. ಚರಿತ್ರಕಾರನಿಗೆ ಇದು ಬಳಸಬಹುದಾದ ಸಾಕ್ಷ್ಯ, ಏಕೆಂದರೆ ಮರಳಿ ಬಂದ ಗುರುತು ಕಾಗದದಲ್ಲಿ ಉಳಿದಿರುತ್ತದೆ.

ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, 1904ರ ಹೊತ್ತಿಗೆ ಕಾನೂನು ಪದವೀಧರರಾಗಿ, ಇಂದಿನ ವಿಜಯಪುರದಲ್ಲಿ ವಕೀಲಿ ವೃತ್ತಿಗೆ ನಿಂತರು. ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕು, ಮುಂಬಯಿ ಶಾಸನಸಭೆ, ಹೀಗೆ ಸಾರ್ವಜನಿಕ ಹೊಣೆಗಳು ಅವರ ಸುತ್ತ ಬೆಳೆದವು. ಇವುಗಳಲ್ಲಿ ಯಾವುದಕ್ಕೂ ತಾಳೆಗರಿ ಬೇಕಿರಲಿಲ್ಲ. ಆದರೂ ರಬಕವಿ, ಬನಹಟ್ಟಿಗಳ ಮನೆಗಳಲ್ಲಿ ವಚನದ ಕಟ್ಟುಗಳನ್ನು ಕಂಡಂದಿನಿಂದ ಮನೆಮನೆ, ಮಠಮಠ ಅಲೆದು ಓಲೆ ಸಂಗ್ರಹಿಸುವುದು ಅವರ ಬಾಳಿನ ಕ್ರಮವಾಯಿತು. ಆಗ ವಿದ್ವಾಂಸರಿಗೆ ಪರಿಚಯವಿದ್ದ ವಚನಕಾರರು ಸುಮಾರು 50 ಮಂದಿ. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ 250ನ್ನು ದಾಟಿತೆಂದು ಅವರ ಜೀವನಚರಿತ್ರೆಗಳು ದಾಖಲಿಸುತ್ತವೆ. 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ಅಂದರೆ ಹುಡುಕಾಟ ಶುರುವಾಗಿ ಸುಮಾರು ಎರಡು ದಶಕಗಳ ಮೇಲೆ.

ಆ ಎರಡು ದಶಕಗಳಲ್ಲಿ ಕೈಯಲ್ಲಿದ್ದ ಕೆಲಸ ಎಂಥದು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಆನಂದದ ಮೂಲ ಅಲ್ಲಿದೆ ಎಂಬುದು ನನ್ನ ನಂಬಿಕೆ. ಓಲೆಯ ಮೇಲಿನ ಅಕ್ಷರ ಕಂಟದಿಂದ ಕೊರೆದದ್ದು. ಮಸಿ ತುಂಬಿದರೆ ಕಾಣುತ್ತದೆ, ಮಾಸಿದ್ದರೆ ಬೆಳಕಿಗೆ ಓರೆ ಹಿಡಿದು ಊಹಿಸಬೇಕು. ಲಿಪಿಕಾರ ಪದಗಳ ನಡುವೆ ತೆರಪು ಬಿಟ್ಟಿರುವುದಿಲ್ಲ. ಎಕಾರ ಏಕಾರ, ಒಕಾರ ಓಕಾರಗಳಿಗೆ ಭೇದ ತೋರಿಸಿರುವುದಿಲ್ಲ. ಹುಳು ತಿಂದ ಕಡೆ ಒಂದು ಅಕ್ಷರ ಹೋದರೆ ಅರ್ಥವೇ ಬೇರೆಯಾಗಬಹುದು. ಓದುಗ ಪದ ಬಿಡಿಸುತ್ತ, ಉಸಿರಿನ ಲಯಕ್ಕೆ ಕಿವಿಗೊಟ್ಟು ಸಾಗಿದಾಗ ಕೊನೆಗೆ ಅಂಕಿತ ಎದುರಾಗುತ್ತದೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮನದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕನದು. ಅಲ್ಲಿಗೆ ಒಂದು ವಚನ ಮುಗಿಯಿತು, ಇನ್ನೊಂದು ಶುರುವಾಯಿತು. ಅದುವರೆಗೆ ಯಾರೂ ಹೆಸರಿಸದ ಅಂಕಿತ ಸಿಕ್ಕಿದರೆ, ಎಂಟು ಶತಮಾನಗಳ ಹಿಂದಿನ ಪರಂಪರೆಗೆ ಸೇರಿದ ಮತ್ತೊಬ್ಬ ವ್ಯಕ್ತಿ ಆ ಕ್ಷಣದಲ್ಲಿ ಗುರುತಿಗೆ ಬಂದಂತೆ.

ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1975ರ ತಮ್ಮ ಪುಸ್ತಕದಲ್ಲಿ ಚದುರಂಗದ ಆಟಗಾರರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಮೊದಲಾದವರ ತಲ್ಲೀನತೆಯನ್ನು ವಿಶ್ಲೇಷಿಸಿದರು. ಸವಾಲು ಕೌಶಲಕ್ಕೆ ಸರಿದೂಗಬೇಕು, ಗುರಿ ಸ್ಪಷ್ಟವಿರಬೇಕು, ಸರಿಯೋ ತಪ್ಪೋ ಎಂಬುದು ತಡವಿಲ್ಲದೆ ತಿಳಿಯಬೇಕು ಎಂಬುದು ಅವರು ಕಂಡ ಲಕ್ಷಣಗಳು. ವಚನದ ಓಲೆ ಓದುವ ಕೆಲಸಕ್ಕೆ ಈ ಮೂರೂ ಹೊಂದುತ್ತವೆ. ಒಂದು ವಚನ ಗಿಡ್ಡದು, ಒಮ್ಮೆ ಕೂತರೆ ಮುಗಿಯುವಂಥದು, ಅಂಕಿತದಿಂದ ತಾನೇ ಮುದ್ರೆಯೊತ್ತಿಕೊಳ್ಳುವಂಥದು. ಒಂದು ಮಹಾಕಾವ್ಯವನ್ನು ಸಂಪಾದಿಸುವವನಿಗೆ ಇಂಥ ಬಿಡಿಬಿಡಿಯಾದ ಮುಕ್ತಾಯಗಳು ಸಿಗುವುದಿಲ್ಲ. ಕೋರ್ಟಿನ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಕೂರುವವನಿಗೆ ಈ ಪ್ರಕಾರವೇ ಹೇಳಿ ಮಾಡಿಸಿದಂತಿತ್ತು.

ಇಷ್ಟರಿಂದ ಸುಖಕ್ಕೆ ಕಾರಣ ಸಿಕ್ಕಿತು, ಸಾರ್ಥಕತೆಗೆ ಸಿಗಲಿಲ್ಲ. ಕೆನಡಾದ ಮನೋವಿಜ್ಞಾನಿ ಬ್ರಯನ್ ಲಿಟ್ಲ್ 1983ರಲ್ಲಿ ಹೊಸ ಅಧ್ಯಯನ ವಿಧಾನವೊಂದನ್ನು ಮುಂದಿಟ್ಟರು. ಜನ ತಾವು ಕೈಹಿಡಿದ ಕೆಲಸಗಳನ್ನು ತಾವೇ ಪಟ್ಟಿಮಾಡಿ, ಪ್ರತಿಯೊಂದಕ್ಕೂ ಮಹತ್ವ, ಕಷ್ಟ, ಸಂತೋಷ ಮುಂತಾದ ಬಾಬುಗಳಲ್ಲಿ ಅಂಕ ಕೊಡುವ ವಿಧಾನವದು. ಇಯಾನ್ ಮೆಕ್‌ಗ್ರೆಗರ್ ಜೊತೆ 1998ರಲ್ಲಿ ಅವರು ಪ್ರಕಟಿಸಿದ ಲೇಖನದ ತೀರ್ಮಾನ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಕೈಗೊಂಡದ್ದು ಸಾಧ್ಯವಾಗುತ್ತಿದೆ ಎಂಬ ಭಾವನೆ ಸಂತೋಷದ ಜೊತೆ ಹೋಗುತ್ತದೆ. ಅದು ತನ್ನತನಕ್ಕೆ ತಕ್ಕದ್ದು ಎಂಬ ಭಾವನೆ ಅರ್ಥಪೂರ್ಣತೆಯ ಜೊತೆ ಹೋಗುತ್ತದೆ. ಇವೆರಡೂ ಯಾವಾಗಲೂ ಒಟ್ಟಿಗೆ ಬರುವುದಿಲ್ಲ. ಸುಲಭವಾದ ಕೆಲಸ ಹಗುರವಾಗಿಬಿಡಬಹುದು, ಘನವಾದ ಕೆಲಸ ಎದೆಗುಂದಿಸಬಹುದು.

ಹಳಕಟ್ಟಿಯವರು ಈ ಬಿರುಕನ್ನು ದಾಟಿದ ಬಗೆ ಅವರ ವೃತ್ತಾಂತದಲ್ಲಿ ಅತ್ಯಂತ ಮೌಲಿಕವಾದ ಭಾಗ ಎಂದು ನಾನು ಎಣಿಸುತ್ತೇನೆ. ಇಡೀ ಶರಣ ಸಾಹಿತ್ಯವನ್ನು ಬೆಳಕಿಗೆ ತರುವುದು ಒಬ್ಬರ ಆಯುಷ್ಯಕ್ಕೆ ಮೀರಿದ್ದು. ಅವರು ಸ್ವಂತ ಮನೆ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. 'ಶಿವಾನುಭವ' ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಪತ್ರಿಕೆಯೆಂದ ಮೇಲೆ ಸಂಚಿಕೆಗೆ ಇಷ್ಟು ಪುಟ ತುಂಬಲೇಬೇಕು, ಕರಡು ತಿದ್ದಲೇಬೇಕು, ಅಂಚೆಗೆ ಹಾಕಲೇಬೇಕು. ಮುಗಿಯದ ಕೆಲಸ ಹೀಗೆ ಮುಗಿಯುವ ತುಂಡುಗಳಾಗಿ ಒಡೆಯಿತು. ಪ್ರತಿ ಸಂಚಿಕೆಯೂ ಓದುಗರ ಕೈ ಸೇರಿದ್ದರಿಂದ, ಸಂಪಾದಕ ಏಕಾಂಗಿಯಾಗಿ ಉಳಿಯಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು. ಎರಡರ ನಡುವೆ ಮೂವತ್ತು ವರ್ಷ. ಅಷ್ಟು ಕಾಲ ದುಡಿಮೆಯನ್ನು ಎತ್ತಿಹಿಡಿದದ್ದು ಬಿರುದಲ್ಲ, ಮುಂದಿನ ಸಂಚಿಕೆ.

ಈ ದುಡಿಮೆಯನ್ನು 'ಕಾಯಕ' ಎಂದು ಕರೆಯುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಶರಣರ ಕಾಯಕದಿಂದ ಅನ್ನ ಹುಟ್ಟುತ್ತಿತ್ತು, ದಾಸೋಹ ನಡೆಯುತ್ತಿತ್ತು. ಹಳಕಟ್ಟಿಯವರಿಗೆ ಅನ್ನ ಕೊಟ್ಟದ್ದು ವಕೀಲಿ, ಆ ಗಳಿಕೆಯನ್ನು ನುಂಗಿದ್ದು ಮುದ್ರಣಾಲಯ. ಅವರ ಕಡೆಗಾಲ ಬಡತನದಲ್ಲಿ ಕಳೆಯಿತು. ಆ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ, ಮನೆಯವರೂ ತೆತ್ತರು. ಸ್ವಂತ ಯೋಜನೆಯ ಆನಂದವನ್ನು ಕುರಿತು ಬರೆಯುವವರು ಈ ಲೆಕ್ಕವನ್ನು ಮುಚ್ಚಿಡಬಾರದು. ಆನಂದ ಒಬ್ಬರದಾಗಿ ಭಾರ ಹಲವರದಾದರೆ, ಆ ಹಲವರ ಪಾಲನ್ನೂ ಚರಿತ್ರೆ ದಾಖಲಿಸಬೇಕು.

ಇದು ಒಬ್ಬರ ವಿಶೇಷವಷ್ಟೇ ಎನ್ನುವಂತಿಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಏಕಾಂಗಿಯಾಗಿ ರಚಿಸಿದರು. ಆದರೆ ಕಾರಂತರ ಮನಸ್ಸು ಹತ್ತು ಕಡೆ ಹರಿಯುವಂಥದು, ಹಳಕಟ್ಟಿಯವರದು ಒಂದೇ ಬಾವಿ ತೋಡಿದ ಬಾಳು. ನಮ್ಮ ಕಾಲಕ್ಕೆ ಬಂದರೆ, ವಿ. ಕೃಷ್ಣ ಅವರು ನಾಲ್ಕು ದಶಕಗಳಿಗೂ ಮಿಕ್ಕಿ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂದು, ಎಲ್ಲರಿಗೂ ಮುಕ್ತವಾಯಿತು. ಅದರಲ್ಲಿ 1,50,000ಕ್ಕೂ ಹೆಚ್ಚು ಪದಗಳಿವೆ. ನಿಘಂಟಿನ ನಮೂದು ಕೂಡ ವಚನದಂತೆ ಒಮ್ಮೆ ಕೂತರೆ ದಕ್ಕುವ ಘಟಕ ಎಂಬುದನ್ನು ಗಮನಿಸಬೇಕು. ದೀರ್ಘಕಾಲ ಬಾಳಿದ ಸ್ವಂತ ಯೋಜನೆಗಳಲ್ಲಿ ಈ ರಚನೆ ಎಷ್ಟು ಸಾಮಾನ್ಯ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಅಂಥ ಅಧ್ಯಯನಕ್ಕೆ ಅಚ್ಚಾದ ಪುಸ್ತಕಗಳು ಸಾಲವು. ಖರ್ಚಿನ ವಹಿ, ತಿದ್ದಿದ ಕರಡು, ಚಂದಾದಾರರ ಪಟ್ಟಿ, ಓಲೆ ಕೇಳಿ ಬರೆದ ಕಾಗದ, ಅರ್ಧಕ್ಕೆ ನಿಂತ ಟಿಪ್ಪಣಿ ಇವೇ ಮುಖ್ಯ ಆಕರಗಳು. ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ವಿಜಯಪುರದಲ್ಲಿದೆ, ಅವರ ಬರಹಕ್ಕೆ ಒಂದು ನೆಲೆ ಸಿಕ್ಕಿದೆ. ಪ್ರತಿ ಜಿಲ್ಲೆಯಲ್ಲೂ ಶಾಸನ, ಗಾದೆ, ಗಿಡಮೂಲಿಕೆ, ಜನಪದ ಹಾಡು ಸಂಗ್ರಹಿಸುತ್ತ ಬಾಳು ಸವೆಸಿದ ಶಾಲಾ ಮಾಸ್ತರರು, ಗುಮಾಸ್ತರು, ಗೃಹಿಣಿಯರು ಇದ್ದಾರೆ. ಅವರ ನೋಟ್‌ಬುಕ್ಕುಗಳಿಗೆ ಇನ್ನೂ ನೆಲೆಯಿಲ್ಲ. ಈ ಪತ್ರಿಕೆಯ ಓದುಗರು ತಮ್ಮೂರಿನ ಅಂಥವರ ಮನೆಗೆ ಹೋಗಿ, ಅವರು ಇರುವಾಗಲೇ ಮಾತನಾಡಿಸಿ, ಆ ನೋಟ್‌ಬುಕ್ಕುಗಳು ರದ್ದಿಗೆ ಹೋಗುವ ಮುನ್ನ ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ತಲುಪಿಸಬೇಕೆಂದು ಕೇಳಿಕೊಳ್ಳುತ್ತೇನೆ.