ಒಂದು ಕ್ಯಾಮೆರಾ, ಒಂದು ಮಸೂರ

ಗದುಗಿನ ವೀರನಾರಾಯಣನ ಗುಡಿಗೆ ಹೋದವರು ಅಲ್ಲಿಯ ಒಂದು ಕಂಬದ ಮುಂದೆ ನಿಲ್ಲದೆ ಬರುವುದಿಲ್ಲ. ಕುಮಾರವ್ಯಾಸನು ಆ ಕಂಬಕ್ಕೆ ಒರಗಿ ಕುಳಿತು ತನ್ನ ಭಾರತವನ್ನು ಬರೆದನೆಂಬುದು ಊರವರ ನಂಬಿಕೆ. ನಾನು ತೆಗೆದ ಮೊದಲ ಛಾಯಾಚಿತ್ರ ಆ ಕಂಬದ್ದು. ಆಗ ನಾನು ಶಾಲೆಯೊಂದರಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಸಂಬಳದಲ್ಲಿ ಉಳಿಸಿ ಕೊಂಡ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಕೈಯಲ್ಲಿತ್ತು. ರೀಲು ತೊಳೆಸಿ ನೋಡಿದರೆ, ಕಂಬವಿರಬೇಕಾದಲ್ಲಿ ಕತ್ತಲು; ಕತ್ತಲಿನ ನಡುವೆ ಒಂದು ಮಸುಕು ಗೆರೆ.

ಬೆಟಗೇರಿಯ ಸ್ಟುಡಿಯೋದ ಹಿರಿಯರ ಮುಂದೆ ನಾನು ಕ್ಯಾಮೆರಾವನ್ನು ದೂರಿದೆ. ಅವರು ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿ, “ಮಾಸ್ತರ, ಅದರ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಅದಕ್ಕ ಎಷ್ಟು ಕಾಣಸತೈತಿ ಅನ್ನೋದನ್ನ ಮೊದಲ ನೀವು ತಿಳಕೋರಿ. ಒಂದು ವರ್ಷ ಬ್ಯಾರೆ ಕ್ಯಾಮೆರಾ ಮುಟ್ಟಬ್ಯಾಡ್ರಿ” ಎಂದರು. ಬೇರೆ ಕ್ಯಾಮೆರಾ ಮುಟ್ಟುವ ಶಕ್ತಿಯೇ ನನಗಿರಲಿಲ್ಲವಾದ್ದರಿಂದ ಆ ವ್ರತ ಸುಲಭವಾಯಿತು. ಒಂದು ವರ್ಷವೆಂದದ್ದು ಒಂಬತ್ತು ವರ್ಷವಾಯಿತು.

ಆ ಪೆಟ್ಟಿಗೆಯನ್ನು ಕಾಣದವರಿಗಾಗಿ ಎರಡು ಮಾತು. ಬಡೋದೆಯಲ್ಲಿ ತಯಾರಾಗುತ್ತಿದ್ದ ಆ ಕ್ಯಾಮೆರಾಕ್ಕೆ ಒಂದೇ ಮಸೂರ. ಅದನ್ನು ಕಳಚುವಂತಿಲ್ಲ, ಬದಲಿಸುವಂತಿಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ದೂರದ ವಸ್ತುವನ್ನು ಹತ್ತಿರಕ್ಕೆಳೆದುಕೊಳ್ಳುವ ಉಪಾಯ ಅದರಲ್ಲಿಲ್ಲ. ನಾವೇ ನಡೆದು ಹೋಗಬೇಕು. ತೀರ ಹತ್ತಿರ ಹೋದೆವೋ, ಚಿತ್ರ ಮಂಜಾಗುತ್ತದೆ. ಹನ್ನೆರಡೇ ಚಿತ್ರಗಳೆಂದ ಮೇಲೆ, ಗುಂಡಿಯನ್ನು ಒತ್ತುವ ಮೊದಲು ಗುಡಿಯನ್ನು ನಾಲ್ಕು ಸಲವಾದರೂ ಸುತ್ತುವುದು ಅನಿವಾರ್ಯ. ನನ್ನ ಪ್ರದಕ್ಷಿಣೆಗಳಿಗೆ ಭಕ್ತಿಗಿಂತ ಬಡತನವೇ ಹೆಚ್ಚು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಹೀಗೆ ಸುತ್ತುವಾಗ, ನನಗಿಂತ ಮೊದಲು ಇದೇ ಅಂಗಳಗಳಲ್ಲಿ ಇದೇ ಕಷ್ಟವನ್ನುಂಡವರು ಯಾರೆಂಬ ಕುತೂಹಲ ಹುಟ್ಟಿತು. ಆ ಕಥೆ ನೂರೆಪ್ಪತ್ತು ವರ್ಷಗಳಷ್ಟು ಹಿಂದಿನದು. 1855ರಲ್ಲಿ ಮುಂಬಯಿ ಸರಕಾರವು ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬವನನ್ನು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅದೇ ವರ್ಷದ ಕೊನೆಗೆ ಅವನನ್ನು ಸೈನ್ಯಕ್ಕೆ ಮರಳಿ ಕರೆಸಿಕೊಂಡಾಗ, ವೈದ್ಯಖಾತೆಯ ಡಾಕ್ಟರ್ ವಿಲಿಯಂ ಹೆನ್ರಿ ಪಿಗೂ ಆ ಕೆಲಸವನ್ನು ಮುಂದುವರಿಸಿದ. ಎ. ಸಿ. ಬಿ. ನೀಲ್ ಎಂಬ ಮೂರನೆಯವನ ಚಿತ್ರಗಳೂ ಸೇರಿ, 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಇತಿಹಾಸದ ಭಾಗವನ್ನು ಮೆಡೋಸ್ ಟೇಲರನೂ ವಾಸ್ತುವಿನ ಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಬರೆದರು. ಗದಗು, ಲಕ್ಕುಂಡಿಗಳ ಗುಡಿಗಳು ಹೀಗೆ ಕಡಲಾಚೆಯ ಓದುಗರ ಮೇಜಿನ ಮೇಲೆ ಕುಳಿತವು. ಪಿಗೂ ಆ ಪುಸ್ತಕವನ್ನು ಕಾಣಲಿಲ್ಲ. ಅವನು 1858ರಲ್ಲಿಯೇ ತೀರಿಕೊಂಡಿದ್ದ. ಶೀರ್ಷಿಕೆಯ ಪುಟದಲ್ಲಿ ಅವನ ಹೆಸರಿನ ಹಿಂದೆ ‘ದಿವಂಗತ’ ಎಂಬ ಮಾತಿದೆ.

ಅವರ ಕಾಲದ ಸಲಕರಣೆ ಎಂಥದು? ಬಿಗ್ಸ್ ಬಳಸಿದ್ದು ಬೆಳ್ಳಿಯ ಲವಣ ಸವರಿದ ಕಾಗದದ ನೆಗೆಟಿವು. ಅದರ ಮೇಲೆಯೇ ಇನ್ನೊಂದು ಕಾಗದವನ್ನಿಟ್ಟು ಬಿಸಿಲಿಗೊಡ್ಡಿ ಪ್ರತಿ ತೆಗೆಯಬೇಕಾಗಿದ್ದುದರಿಂದ, ಚಿತ್ರ ಎಷ್ಟು ದೊಡ್ಡದೋ ಕ್ಯಾಮೆರಾದ ಪೆಟ್ಟಿಗೆಯೂ ಅದಕ್ಕೆ ತಕ್ಕಷ್ಟು ದೊಡ್ಡದು. ಅದನ್ನು ಮುಕ್ಕಾಲಿಯ ಮೇಲಿರಿಸಿ, ಮಸೂರದ ಮುಚ್ಚಳ ತೆಗೆದು ಕಾಯಬೇಕು. ನಿಂತ ಜಾಗ ತಪ್ಪಿದರೆ ಪೆಟ್ಟಿಗೆ, ಮುಕ್ಕಾಲಿಗಳನ್ನೆಲ್ಲ ಎತ್ತಿಕೊಂಡು ಹೋಗಬೇಕು. ಇಂದು ನಾವು ಬೆರಳಿನಿಂದ ಮಾಡುವ ಕೆಲಸವನ್ನು ಅವರು ಕಾಲಿನಿಂದ ಮಾಡಿದರು. ಸ್ಥಿರಚಿತ್ರದ ಕ್ಯಾಮೆರಾಗಳಿಗೆ ಜೂಮ್ ಮಸೂರ ಮಾರುಕಟ್ಟೆಗೆ ಬಂದದ್ದೇ 1959ರಲ್ಲಿ. ಅದಕ್ಕೆ ಹಿಂದಿನ ಒಳ್ಳೆಯ ಚಿತ್ರಗಳೆಲ್ಲ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಯಾರೋ ನಡೆದು ಕಂಡುಕೊಂಡ ಉತ್ತರಗಳು. ಆಮೇಲೆಯೂ ಕೆಲವರು ಈ ಕಟ್ಟುಪಾಡನ್ನು ಬೇಕೆಂದೇ ಉಳಿಸಿಕೊಂಡರು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ತಿಯೇ ಬ್ರೆಸ್ಸೋನ್ ತನ್ನ ಕೆಲಸದ ಬಹುಭಾಗವನ್ನು ಚಿಕ್ಕ ಲೈಕಾ ಕ್ಯಾಮೆರಾ, ಐವತ್ತು ಮಿಲಿಮೀಟರಿನ ಮಸೂರಗಳಿಂದಲೇ ಮಾಡಿದ.

ಒಂದೇ ಮಸೂರದ ಗುಣವೇನೆಂಬುದು ನನಗೆ ಮನದಟ್ಟಾದದ್ದು ಮುಂಡರಗಿ ತಾಲೂಕಿನ ಡಂಬಳದಲ್ಲಿ. ಅಲ್ಲಿಯ ದೊಡ್ಡಬಸಪ್ಪನ ಗುಡಿಯ ಗರ್ಭಗೃಹದ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ. ಬರಿಗಣ್ಣಿಗೆ ಅದು ಮೂಲೆಗಳ ಜಾತ್ರೆ. ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಗೋಡೆಯಿಂದ ಹನ್ನೆರಡು ಹೆಜ್ಜೆ ಅಳೆದು, ಅಷ್ಟೇ ದೂರದಿಂದ ಸುತ್ತಲೂ ಒಂದು ಪೂರ್ತಿ ರೀಲನ್ನು ತೆಗೆದೆ. ಚಿತ್ರಗಳನ್ನು ಸಾಲಾಗಿ ಹರಡಿದಾಗ ಮೂಲೆಗಳೆಲ್ಲ ಒಂದೇ ಪ್ರಮಾಣದಲ್ಲಿ ಕಂಡವು. ಒಂದು ಚೌಕವನ್ನು ನಡುಬಿಂದುವಿನ ಸುತ್ತ ಹದಿನೈದು ಹದಿನೈದು ಅಂಶಗಳಷ್ಟು ತಿರುಗಿಸುತ್ತ ಆರು ಸಲ ಬರೆದರೆ ಇಪ್ಪತ್ತನಾಲ್ಕು ಮೂಲೆಗಳಾಗುತ್ತವೆ ಎಂಬ ಸೂತ್ರ ಅಂದು ರಾತ್ರಿ ಕಂದೀಲಿನ ಬೆಳಕಿನಲ್ಲಿ ನನಗೆ ಹೊಳೆಯಿತು. ಪಂಡಿತರಿಗೆ ಇದು ಮೊದಲೇ ಗೊತ್ತಿತ್ತು. ಆದರೆ ನನ್ನ ಕಣ್ಣಿಗೆ ನಾನೇ ಕಾಣಿಸಿಕೊಟ್ಟ ಸಂತೋಷವೇ ಬೇರೆ. ನಮ್ಮ ಶಾಸನಗಳಲ್ಲಿ ಭೂಮಿಯನ್ನು ದತ್ತಿ ಬಿಡುವಾಗ, ಇಂಥ ಕೋಲಿನಿಂದ ಅಳೆದ ಇಷ್ಟು ಮತ್ತರು ಎಂದು ಹೇಳುವ ರೂಢಿಯಿದೆ. ಕೋಲು ಬದಲಾದರೆ ಅಳತೆಗೆ ಅರ್ಥವಿಲ್ಲ. ಒಂದೇ ಮಸೂರ ಅಂಥ ಕೋಲು.

ಇನ್ನು ನನ್ನ ತಪ್ಪಿನ ಕಥೆ. ಒಂಬತ್ತು ವರ್ಷಗಳ ಮೇಲೆ ಗೆಳೆಯರೊಬ್ಬರು ಜೂಮ್ ಮಸೂರವಿದ್ದ ಬೆಲೆಬಾಳುವ ಕ್ಯಾಮೆರಾವನ್ನು ಒಂದು ವಾರಕ್ಕೆ ಕೊಟ್ಟರು. ಲಕ್ಷ್ಮೇಶ್ವರಕ್ಕೆ ಹೋದೆ. ತನ್ನ ಕಾವ್ಯದ ಭಾಷೆ ಯಾವ ಪುಲಿಗೆರೆಯ ಕನ್ನಡದ ತಿರುಳೆಂದು ಪಂಪ ಹೇಳಿಕೊಂಡನೋ ಆ ಊರು ಅದು. ಸೋಮೇಶ್ವರನ ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತಿದ್ದಾರೆ. ಶಂಖ ಬಸದಿಯಲ್ಲಿ ಜಿನನ ಸನ್ನಿಧಿ. ಮೂರು ರೀಲು ಮುಗಿಸಿದೆ. ಬಳ್ಳಿಯ ಸುರುಳಿ, ಯಕ್ಷಿಯ ಬೆರಳು, ಸಿಂಹದ ಬಾಯಿ, ಎಲ್ಲವೂ ಹತ್ತಿರ ಬಂದವು. ಗುಡಿ ಮಾತ್ರ ಬರಲಿಲ್ಲ. ಯಾವ ತುಣುಕು ಎಲ್ಲಿಯದೆಂದು ಮನೆಗೆ ಬಂದ ಮೇಲೆ ನಾನೇ ಹೇಳಲಾರದಾದೆ.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ವಾರ ಮುಂಡರಗಿಯ ಕಡೆಯ ಹಳ್ಳಿಯೊಂದರ ಹೊಲದ ಬದುವಿನಲ್ಲಿ ಒಂದು ವೀರಗಲ್ಲನ್ನು ಕಂಡೆ. ನಡುವಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ. ಕೆಳಗೆ ಸವೆದ ನಾಲ್ಕು ಸಾಲು ಹಳಗನ್ನಡದ ಬರಹ. ಮಸೂರವನ್ನು ತಿರುಗಿಸಿ ವೀರನ ಮುಖವನ್ನು ಚೌಕಟ್ಟಿನ ತುಂಬ ತುಂಬಿಕೊಂಡೆ. ಸಾಲುಗಳನ್ನು ಓದಲು ಇನ್ನೊಮ್ಮೆ ಬರುವೆನೆಂದುಕೊಂಡೆ. ಎರಡು ಮಳೆಗಾಲಗಳ ತರುವಾಯ ಹೋದಾಗ ಕಲ್ಲು ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಹೇಳುವವರೂ ಇರಲಿಲ್ಲ. ವೀರನ ಮುಖ ಇಂದಿಗೂ ನನ್ನ ಬಳಿಯಿದೆ. ಅವನ ಹೆಸರು, ಅವನ ಊರು, ಅವನು ಸತ್ತ ಕಾರಣ ಆ ನಾಲ್ಕು ಸಾಲುಗಳೊಡನೆ ಹೋದವು. ನನ್ನ ಹಳೆಯ ಪೆಟ್ಟಿಗೆಯಾಗಿದ್ದರೆ ಅಷ್ಟು ಹತ್ತಿರದ ಚಿತ್ರ ಅದಕ್ಕೆ ಸಾಧ್ಯವೇ ಇರಲಿಲ್ಲ. ಅದು ದೂರ ನಿಂತು, ಇಡೀ ಕಲ್ಲನ್ನು ಅಕ್ಷರಗಳ ಸಮೇತ ಹಿಡಿದಿರುತ್ತಿತ್ತು.

ಪಿಗೂ ಮತ್ತು ಬಿಗ್ಸ್ ಈ ತಪ್ಪನ್ನು ಮಾಡಲಿಲ್ಲ. ಅವರು ಗುಡಿಗಳನ್ನಷ್ಟೇ ಅಲ್ಲ, ಶಾಸನಗಳನ್ನೂ ಸಾಲು ಬಿಡದೆ ಚಿತ್ರಿಸಿದರು. ಥಿಯೋಡರ್ ಹೋಪ್ ಎಂಬ ಅಧಿಕಾರಿ 1866ರಲ್ಲಿ ಅವನ್ನು ಒಂದು ಸಂಪುಟವಾಗಿ ಹೊರತಂದ. 1878ರಲ್ಲಿ ಜೆ. ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಪಾಲಿ, ಸಂಸ್ಕೃತ, ಹಳಗನ್ನಡ ಶಾಸನಗಳನ್ನು ವಿವರಿಸಿ ಗ್ರಂಥ ರಚಿಸಿದಾಗ, ಇಂಥ ಛಾಯಾಪ್ರತಿಗಳೇ ಅವನ ಮುಂದಿದ್ದವು. ಚಿತ್ರಕಾರನು ಅಂದಕ್ಕೆ ಮರುಳಾಗಿ ಕೆಳಗಿನ ಸಾಲನ್ನು ಬಿಟ್ಟಿದ್ದರೆ ವಿದ್ವಾಂಸನು ಓದುವುದೇನನ್ನು?

ಪ್ರತಿ ಮಾಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಲಕ್ಕುಂಡಿಯಲ್ಲಿ 1007ರ ಸುಮಾರಿಗೆ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಯ ಮೇಲೆ ಬರೆಯುವ ಲಿಪಿಕಾರನಿಗೆ ತನಗೆ ಚೆನ್ನಾಗಿ ಕಂಡ ಪದ್ಯಗಳನ್ನಷ್ಟೇ ಆರಿಸುವ ಸ್ವಾತಂತ್ರ್ಯವಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಬರೆಯಬೇಕಿತ್ತು. ಕಾವ್ಯ ಉಳಿದದ್ದು ಆ ಶಿಸ್ತಿನಿಂದ.

ಈಗ ಎಲ್ಲರ ಕಿಸೆಯಲ್ಲಿಯೂ ಎರಡು ಮೂರು ಮಸೂರಗಳಿರುವ ದೂರವಾಣಿಯಿದೆ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಯಲ್ಲಿ ಹುಡುಗರು ಒಂದು ಗಳಿಗೆಯಲ್ಲಿ ನೂರು ಚಿತ್ರ ತೆಗೆಯುವುದನ್ನು ಕಂಡಿದ್ದೇನೆ. ಅದನ್ನು ಹಳಿಯಲಾರೆ, ನನಗೂ ಅಂಥದೊಂದಿದೆ. ಆದರೆ ಕಲಿಯಬೇಕೆಂದು ಬಂದವರಿಗೆ ಬೆಟಗೇರಿಯ ಆ ಹಿರಿಯರ ಮಾತನ್ನೇ ಹೇಳುತ್ತೇನೆ. ಒಂದು ಕ್ಯಾಮೆರಾ, ಒಂದು ಮಸೂರ, ಒಂದು ವರ್ಷ. ಒಂದೇ ಗುಡಿಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ, ಮಳೆಯ ಮೋಡದಲ್ಲಿ, ಸಂಜೆಯಲ್ಲಿ ನೋಡಿರಿ. ಮೊದಲು ಇಡೀ ವಸ್ತುವನ್ನು ತೆಗೆಯಿರಿ; ಅಕ್ಷರವಿದ್ದರೆ ಬಿಡಬೇಡಿರಿ. ಬೆನ್ನ ಮೇಲೆ ಊರಿನ ಹೆಸರು, ದಿನಾಂಕಗಳನ್ನು ಬರೆದಿಡಿರಿ.

ವೀರನಾರಾಯಣನ ಕಂಬ ಕೊನೆಗೂ ನನ್ನ ಹಳೆಯ ಪೆಟ್ಟಿಗೆಗೆ ದಕ್ಕಲಿಲ್ಲ. ಅಲ್ಲಿಗೆ ಅದರ ಬೆಳಕು ಸಾಲದು. ಆದರೆ ಅದನ್ನು ಪಡೆಯುವ ಹಂಬಲದಲ್ಲಿ ಎಷ್ಟೋ ಸಂಜೆ ಆ ಕಂಬದ ಎದುರು ಕುಳಿತಿದ್ದೇನೆ. ಇಂದು ಕಣ್ಣು ಮುಚ್ಚಿದರೂ ಅದರ ಒಂದೊಂದು ಗೆರೆ ನನಗೆ ಕಾಣುತ್ತದೆ. ಆ ವೀರನ ಹೆಸರೂ ಹಾಗೆಯೇ ಕಾಣುವಂತಿದ್ದರೆ ಎಂದು ಆಗಾಗ ಅನಿಸುತ್ತದೆ.